ಎರಡು 5ನೇ ಕ್ರಾಸು, ಓದೋಕಾಗೋ ಬೋರ್ಡು ಒಂದೂ ಇಲ್ಲ: ಬಡಾವಣೆಯ ಜನರನ್ನು ಸೇರಿಸಿ ಸರಿ ಮಾಡಿಸೋದು ಹೇಗೆ?

ಕಾಲುದಾರಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಬೆಂಗಳೂರಿನ ಅಂಚಿನ ಒಂದು ಬಡಾವಣೆಯಲ್ಲಿ ನಮ್ಮ ಮನೆ. ಹೆಸರು ಬೇಡ ಬಿಡಿ, ಇಂಥವು ಬೇಕಾದಷ್ಟಿವೆ. ಅರ್ಧ ಭಾಗ ಪ್ರಾಧಿಕಾರ ಹಂಚಿದ ಸೈಟು, ಇನ್ನರ್ಧ ಹಿಂದೆ ತೋಟ ಇದ್ದ ರೆವಿನ್ಯೂ ಸೈಟು. ನಡುವೆ ಒಂದು ರಾಜಕಾಲುವೆ. ಎರಡೂ ಕಡೆಯವರು ಅವರವರ ಪಾಡಿಗೆ ಒಂದರಿಂದ ಎಣಿಸಿಕೊಂಡು ಹೋಗಿದ್ದಾರೆ. ಹಾಗಾಗಿ ನಮ್ಮಲ್ಲಿ ಎರಡು 5ನೇ ಕ್ರಾಸು, ಎರಡು 6ನೇ ಕ್ರಾಸು. ಬಡಾವಣೆಯ ಹೆಸರೂ ಒಂದೇ, ಪಿನ್ ಕೋಡೂ ಒಂದೇ.

ಹೋದ ತಿಂಗಳು ರಾತ್ರಿ ಹತ್ತೂವರೆಗೆ ಅಮ್ಮನಿಗೆ ತಲೆ ಸುತ್ತಿ ಬಚ್ಚಲ ಬಾಗಿಲಲ್ಲೇ ಕೂತುಬಿಟ್ಟರು. ಆಂಬುಲೆನ್ಸ್ ಬೇಗನೇ ಬಂತು, ಆದರೆ ಕಾಲುವೆಯ ಆ ಕಡೆಯ 5ನೇ ಕ್ರಾಸಿಗೆ. ಡ್ರೈವರ್ ಫೋನಲ್ಲಿ "ಸಾರ್, ನಾನು ಐದನೇ ಕ್ರಾಸಲ್ಲೇ ನಿಂತಿದ್ದೀನಿ, ನೀವೆಲ್ಲಿದ್ದೀರ" ಅಂತ ಕೇಳುತ್ತಾನೆ, ನಾನೂ ಐದನೇ ಕ್ರಾಸಲ್ಲೇ ನಿಂತು ಟಾರ್ಚ್ ಬೀಸುತ್ತಿದ್ದೇನೆ. ಇಬ್ಬರದೂ ನಿಜವೇ. ಅಮ್ಮ ಈಗ ಆರಾಮಾಗಿದ್ದಾರೆ, ಬಿಪಿ ಮಾತ್ರೆ ಬದಲಾಗಿದೆ, ಅಷ್ಟೆ. ಆದರೆ ಆ ಹತ್ತು ನಿಮಿಷ ಮಾತ್ರ ಇನ್ನೂ ಮನಸ್ಸಿಂದ ಹೋಗಿಲ್ಲ.

ಆ ಭಾನುವಾರ ಮಗಳನ್ನು ಕರೆದುಕೊಂಡು ನೋಟ್‌ಬುಕ್ ಹಿಡಿದು ಇಡೀ ಬಡಾವಣೆ ಸುತ್ತಿದೆ. ಒಂದು ಬೋರ್ಡು ಟ್ರಾನ್ಸ್‌ಫಾರ್ಮರ್ ಹಿಂದೆ ಇದೆ. ಒಂದರ ಮೇಲೆ ಟ್ಯೂಷನ್ ಪೋಸ್ಟರು, ಅದರ ಮೇಲೆ 'ಮನೆ ಬಾಡಿಗೆಗೆ ಇದೆ', ಅದರ ಮೇಲೆ ಬೋರ್‌ವೆಲ್ ಕ್ಲೀನಿಂಗು. ಒಂದಕ್ಕೆ ಎಳನೀರಿನವನ ಟಾರ್ಪಾಲ್ ಹಗ್ಗ ಕಟ್ಟಿದೆ, ಅದು ಬಿದ್ದರೆ ಅವನ ಅಂಗಡಿಯೂ ಬೀಳುತ್ತೆ. ಇನ್ನೊಂದರಲ್ಲಿ ಕನ್ನಡದಲ್ಲಿ 7ನೇ ಅಡ್ಡರಸ್ತೆ, ಇಂಗ್ಲಿಷಲ್ಲಿ 1ನೇದು. 'ರಸ್ಥೆ' ಅಂತ ಬರೆದವು ಮೂರು. ನನ್ನ ಮಗಳಿಗೆ ಏಳನೇ ಕ್ಲಾಸು, ಅವಳೇ ಕಂಡುಹಿಡಿದದ್ದು.

ಕಚೇರಿಗೆ ಹೋದರೆ "ಬೋರ್ಡಿಗೆ ಬೇರೆ ಟೆಂಡರ್ ಆಗ್ಬೇಕು ಸಾರ್" ಅಂದರು. ಬಡಾವಣೆಯ ವಾಟ್ಸಾಪ್ ಗುಂಪಲ್ಲಿ ಹಾಕಿದೆ. ಹೆಬ್ಬೆಟ್ಟು ತೋರಿಸಿದವರು ಅರವತ್ತು ಜನ, ಮುಂದಿನ ಭಾನುವಾರ ಬೆಳಿಗ್ಗೆ 7ಕ್ಕೆ ಬಂದವರು ಇಬ್ಬರು, ಅದರಲ್ಲಿ ಒಬ್ಬರು ಹಾಲು ತರಲು ಹೊರಟವರು.

ನನ್ನ ಪ್ರಶ್ನೆ ಎರಡು. ಜನರನ್ನು ಇದಕ್ಕೆ ನಿಜವಾಗಿ ಸೇರಿಸೋದು ಹೇಗೆ? ನಾವೇ ದುಡ್ಡು ಹಾಕಿ ಬೋರ್ಡು ನಿಲ್ಲಿಸಿದರೆ ಏನಾದರೂ ತೊಂದರೆ ಇದೆಯಾ?

ಹಳೇ ಎಇಇ

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಬೇಡ. ರಸ್ತೆ ಅಂಚಲ್ಲಿ ಅನುಮತಿ ಇಲ್ಲದೆ ಬೋರ್ಡು ನೆಟ್ಟರೆ, ಯಾರೋ ಒಬ್ಬ ಅರ್ಜಿ ಕೊಟ್ಟರೆ ಸಾಕು, ತೆಗೆಯಲೇಬೇಕಾಗುತ್ತೆ. 1981ರ ತೆರೆದ ಜಾಗಗಳ ಅಂದಗೆಡಿಸುವಿಕೆ ತಡೆ ಕಾಯ್ದೆ ಅಂತ ಒಂದಿದೆ. ಅದು ಇರೋದು ಪೋಸ್ಟರು, ಬರಹದಂಥವಕ್ಕೆ, ಆದರೆ ನಿಮ್ಮ ಮೇಲೆ ಕೋಪ ಇರೋ ಪಕ್ಕದ ಮನೆಯವರು ಅದನ್ನೇ ಹಿಡಿದುಕೊಂಡು ಬರುತ್ತಾರೆ. ಬೋರ್ಡು ಬಿದ್ದು ಯಾರಿಗಾದರೂ ಏಟಾದರೆ ಅದು ಇನ್ನೊಂದು ತಲೆನೋವು.

ಈಗ ಒಳಗಿನ ಕಥೆ. ನಾನು ಬೇರೊಂದು ಊರಿನ ಪಾಲಿಕೆಯಲ್ಲಿ ಎಇಇ, ಅಂದರೆ ಸಹಾಯಕ ಕಾರ್ಯಪಾಲಕ ಇಂಜಿನಿಯರ್ ಆಗಿ ರಿಟೈರ್ ಆದವನು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಎಸ್ಟಿಮೇಟಿನಲ್ಲಿ ಬೋರ್ಡು ಅನ್ನೋದು ಒಂದೇ ಒಂದು ಸಾಲು. ಇಷ್ಟು ಸಂಖ್ಯೆ, ಇಷ್ಟು ಅಳತೆ, ಇಷ್ಟು ಮೊತ್ತ. ಅದರಲ್ಲಿ ಯಾವ ಮೂಲೆಯಲ್ಲಿ ಏನು ಬರೆಯಬೇಕು ಅಂತ ಇರಲ್ಲ. ಆ ಪಟ್ಟಿ ಆಮೇಲೆ ತಯಾರಾಗುತ್ತೆ. ತಯಾರು ಮಾಡೋದು ಗುತ್ತಿಗೆದಾರನ ಕಡೆಯ ಹುಡುಗ, ಹಳೇ ಪಟ್ಟಿ ಮುಂದಿಟ್ಟುಕೊಂಡು, ಕೂತಲ್ಲೇ. ಎಂಬಿಯಲ್ಲಿ, ಅಂದರೆ ಆದ ಕೆಲಸದ ಅಳತೆ ಬರೆದಿಡೋ ಪುಸ್ತಕದಲ್ಲಿ, ಎಣಿಕೆ ಸರಿ ಇದ್ದರೆ ಬಿಲ್ ಪಾಸು. ಕಾಗುಣಿತ ನೋಡಿ ಅಂತ ಯಾವ ಆಡಿಟ್ಟೂ ಕೇಳಲ್ಲ. ನಮ್ಮ ಕಾಲದಲ್ಲಿ ನಾನೂ ಕೇಳಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಅಂದರೆ ನಿಮ್ಮ ಜನ ಕೈ ಹಾಕಬೇಕಾದ ಜಾಗ ಆ ಪಟ್ಟಿ. "ಬೋರ್ಡು ಸರಿ ಇಲ್ಲ" ಅಂತ ಅರ್ಜಿ ಕೊಟ್ಟರೆ ಅದು ದೂರು, ಫೈಲಲ್ಲಿ ಮಲಗುತ್ತೆ. ಮೂಲೆ ಮೂಲೆಯ ಪಟ್ಟಿ ಮಾಡಿ, ಅಲ್ಲಿ ಈಗ ಏನಿದೆ, ಏನು ಬರೆಯಬೇಕು, ಕಂಬಕ್ಕೋ ಗೋಡೆಗೋ, ಒಂದು ಫೋಟೋ, ಇಷ್ಟು ಸೇರಿಸಿ ಕೊಟ್ಟರೆ ಅದು ಅವರ ಕೆಲಸವನ್ನು ನೀವೇ ಮುಗಿಸಿಕೊಟ್ಟ ಹಾಗೆ. ಯಾವ ಇಂಜಿನಿಯರೂ ಅದನ್ನು ಬೇಡ ಅನ್ನಲ್ಲ. ಪ್ರತಿ ಕ್ರಾಸಿನಿಂದ ನಾಲ್ಕು ಸಹಿ ಹಾಕಿಸಿ.

ಹಾಗೇ ಸಹಾಯವಾಣಿ 1533ಕ್ಕೂ ಒಂದು ದೂರು ದಾಖಲಿಸಿ ನಂಬರು ತಗೊಳ್ಳಿ, ನಂಬರಿಲ್ಲದ ಮಾತಿಗೆ ಕಚೇರಿಯಲ್ಲಿ ಬೆಲೆ ಇಲ್ಲ. ಈ ವರ್ಷ ನಿಮ್ಮ ಕಡೆಗೆ ಬೋರ್ಡಿನ ಟೆಂಡರ್ ಇದೆಯಾ ಅಂತ ತಿಳಿಯಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಒಳಗೆ. ನಿಮ್ಮ ಮೇಲಿನ ಪೋಸ್ಟಿನ ಉದ್ದ ನೋಡಿ ಹೇಳಿದೆ :)

ಇನ್ನೊಂದು. ಬೋರ್ಡಿನ ಕೆಳಗೆ ವಾರ್ಡ್ ಸಂಖ್ಯೆ ಬರೆಸಬೇಡಿ. ಬೆಂಗಳೂರಲ್ಲಿ 198 ವಾರ್ಡು ಇದ್ದ ಕಾಲದ ಸಂಖ್ಯೆ ಬರೆಸಿದ್ದ ಬೋರ್ಡುಗಳು ಇನ್ನೂ ನಿಂತಿವೆ. 2020ರಲ್ಲಿ ಕಾರ್ಪೊರೇಟರುಗಳ ಅವಧಿ ಮುಗಿಯಿತು. 2025ರ ಸೆಪ್ಟೆಂಬರಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆ ಬಂದವು, ವಾರ್ಡುಗಳ ಗಡಿಯನ್ನೂ ಹೊಸದಾಗಿ ಎಳೆದರು. ಆ ಜಾಗದಲ್ಲಿ ಪಿನ್ ಕೋಡ್ ಹಾಕಿಸಿ. ಅದು ಅಷ್ಟು ಬೇಗ ಬದಲಾಗಲ್ಲ.

ಮೊಂಡ

ಸಾರ್, ನಿಮ್ಮ ಅನುಭವಕ್ಕೆ ನಮಸ್ಕಾರ. ಆದರೆ ಪಟ್ಟಿ, ಸಹಿ, ಆರ್‌ಟಿಐ ಅಂತ ಕೂತರೆ ಇವರ ಮಗಳು ಡಿಗ್ರಿ ಮುಗಿಸ್ತಾಳೆ.

2010ರಿಂದ ದಿ ಅಗ್ಲಿ ಇಂಡಿಯನ್ ಗುಂಪಿನವರು ಇದೇ ಬೆಂಗಳೂರಲ್ಲಿ ಕಸದ ಮೂಲೆಗಳನ್ನು ತಾವೇ ಗುಡಿಸಿ ಬಣ್ಣ ಬಳಿದಿದ್ದಾರೆ. ಹೆಸರು ಬೇಡ, ಭಾಷಣ ಬೇಡ, ಬಾಯಿ ಮುಚ್ಚಿ ಕೆಲಸ. ಲಾಸ್ ಏಂಜಲೀಸಿನಲ್ಲಿ ರಿಚರ್ಡ್ ಆಂಕ್ರಮ್ ಅಂತ ಒಬ್ಬ ಕಲಾವಿದ, ಹೆದ್ದಾರಿಯ ಫಲಕದಲ್ಲಿ 5ನೇ ಹೆದ್ದಾರಿಗೆ ತಿರುಗೋ ಸೂಚನೆ ಇಲ್ಲ ಅಂತ ರೋಸಿಹೋಗಿ, ಸರ್ಕಾರಿ ಅಳತೆ ಸರ್ಕಾರಿ ಬಣ್ಣದಲ್ಲೇ ತಾನೇ ಮಾಡಿಕೊಂಡು, ಕೆಲಸಗಾರನ ವೇಷ ಹಾಕಿಕೊಂಡು 2001ರ ಆಗಸ್ಟಲ್ಲಿ ಹಗಲು ಹೊತ್ತಲ್ಲೇ ಹತ್ತಿ ಅಂಟಿಸಿ ಬಂದ. ಎಷ್ಟು ಅಚ್ಚುಕಟ್ಟಾಗಿತ್ತು ಅಂದರೆ ತಿಂಗಳುಗಟ್ಟಲೆ ಯಾರಿಗೂ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೂ ಇಲಾಖೆಯವರು ಕೀಳಲಿಲ್ಲ, ಎಂಟು ವರ್ಷ ಹಾಗೇ ಇತ್ತು. 2009ರಲ್ಲಿ ಫಲಕ ಬದಲಿಸಿದಾಗ ಆ ಸೂಚನೆಯನ್ನು ಅವರೇ ಸೇರಿಸಿಕೊಂಡರು.

ಹಾಕಿಬಿಡಿ ಗುರು.

ಬಣ್ಣದ ಡಬ್ಬಿ

ಮೊಂಡ ಅಣ್ಣನ ಕಥೆ ಚೆನ್ನಾಗಿದೆ. ಆದರೆ ಆ ಮನುಷ್ಯ ಅಷ್ಟು ಅಚ್ಚುಕಟ್ಟಾಗಿ ಮಾಡಿದ್ದಕ್ಕೇ ಅದು ಉಳಿಯಿತು, ಅದನ್ನು ಮರೀಬೇಡಿ. ನಮ್ಮಲ್ಲಿ ಕೆಡೋದೇ ಅಲ್ಲಿ.

ನಮ್ಮಪ್ಪ ಬೋರ್ಡು ಬರೆಯುತ್ತಿದ್ದರು, ಎನಾಮಲ್ ಪೇಂಟು, ಕೈಬರಹ. ನಾನು ಈಗ ಸ್ಟಿಕರ್ ಕಟಿಂಗ್ ಅಂಗಡಿ ಇಟ್ಟಿದ್ದೇನೆ. ಅಪ್ಪ ಚಾಕ್‌ಪೀಸಿನಲ್ಲಿ ಮೊದಲು ಎರಡು ಗೆರೆ ಎಳೆದು, ಕೆಳಗಿನ ಗೆರೆಯ ಕೆಳಗೆ ಒತ್ತಿಗೆ ಅಂತ ಇನ್ನೊಂದು ಗೆರೆ ಎಳೆಯುತ್ತಿದ್ದರು. ಕನ್ನಡಕ್ಕೆ ಆ ಮೂರನೇ ಗೆರೆ ಬೇಕೇ ಬೇಕು. 'ಅಡ್ಡರಸ್ತೆ' ಅನ್ನೋ ಪದವನ್ನೇ ನೋಡಿ, ಎರಡು ಒತ್ತು. ಈಗಿನ ತಗಡಿನ ಬೋರ್ಡಿನಲ್ಲಿ ಇಂಗ್ಲಿಷಿಗೂ ಕನ್ನಡಕ್ಕೂ ಒಂದೇ ಎತ್ತರದ ಪಟ್ಟಿ ಕೊಡುತ್ತಾರೆ. ಇಂಗ್ಲಿಷ್ ದೊಡ್ಡಕ್ಷರ ಆ ಪಟ್ಟಿ ತುಂಬಾ ಕೂರುತ್ತೆ. ಕನ್ನಡದ್ದು ಒತ್ತಿಗೆ ಜಾಗ ಬಿಟ್ಟು, ಮೇಲೆ ತಲೆಕಟ್ಟಿಗೆ, ಗುಡಿಸಿಗೆ ಜಾಗ ಬಿಟ್ಟು, ನಡುವೆ ಮೂಲ ಅಕ್ಷರ ಅರ್ಧಕ್ಕರ್ಧ ಕುಗ್ಗುತ್ತೆ. ದೂರದಿಂದ ಬಿಳಿ ಗೊಜ್ಜು ಕಂಡ ಹಾಗೆ ಕಾಣುತ್ತೆ. ಆಮೇಲೆ 'ಕನ್ನಡ ಬೋರ್ಡು ಓದೋಕಾಗಲ್ಲ' ಅಂತ ನಮ್ಮ ಲಿಪಿಯನ್ನೇ ಬಯ್ಯುತ್ತಾರೆ!

ಅಮೆರಿಕದವರ ಒಂದು ಲೆಕ್ಕ ಇದೆ, 1 ಇಂಚು ಎತ್ತರದ ಅಕ್ಷರ 30 ಅಡಿ ದೂರಕ್ಕೆ ಅಂತ. ಸ್ಕೂಟರಲ್ಲಿ ಬರೋನಿಗೆ ತಿರುವು ದಾಟೋ ಮೊದಲು, ನೂರು ಅಡಿಯಿಂದಲಾದರೂ ಕಾಣಬೇಕು ಅಲ್ವಾ? ಅಂದರೆ ಇಂಗ್ಲಿಷಿಗೇ ಮೂರು ಇಂಚಿಗೂ ಮೇಲೆ. ಕನ್ನಡಕ್ಕೆ ಇನ್ನೂ ಜಾಸ್ತಿ ಇಡಿ. ಕನ್ನಡ ಮೇಲೆ ದಪ್ಪಗೆ, ಇಂಗ್ಲಿಷ್ ಕೆಳಗೆ ಸಣ್ಣಗೆ.

ತಪ್ಪು ಎಲ್ಲಿ ನುಸುಳುತ್ತೆ ಅಂದರೆ, ನೀವು ಸರಿಯಾಗಿ ಟೈಪ್ ಮಾಡಿ ಕೊಟ್ಟ ಮೇಲೆ. ನುಡಿ ಅನ್ನೋ ಕನ್ನಡ ಸಾಫ್ಟ್‌ವೇರಿನ ಫಾಂಟಲ್ಲಿರೋ ಹಳೇ ಫೈಲನ್ನು ಯೂನಿಕೋಡ್‌ಗೆ, ಅಂದರೆ ಈಗ ಎಲ್ಲ ಕಡೆ ಬಳಸೋ ಅಕ್ಷರ ಸಂಕೇತಕ್ಕೆ, ಬದಲಿಸುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿಬಿಡುತ್ತೆ. ಹಳೇ ಡಿಸೈನ್ ಸಾಫ್ಟ್‌ವೇರಿಗೆ ಯೂನಿಕೋಡ್ ಹಾಕಿದರೆ ಒತ್ತು ಕೂರದೆ 'ರಸ್ತೆ' ಹೋಗಿ 'ರಸ್‌ತೆ' ಆಗುತ್ತೆ. ಮಷಿನ್ ಮುಂದೆ ಕೂತಿರೋ ಹುಡುಗನಿಗೆ ಕನ್ನಡ ಬರದೇ ಇದ್ದರೆ ಮುಗೀತು, ಹಾಗೇ ಕತ್ತರಿಸುತ್ತಾನೆ. ಅದಕ್ಕೇ ಕೊನೇ ಫೈಲು, ಕತ್ತರಿಸೋಕೆ ಹೋಗೋ ಫೈಲು, ಅದನ್ನೇ ನಿಮ್ಮ ಬಡಾವಣೆಯ ರಿಟೈರ್ಡ್ ಕನ್ನಡ ಮೇಷ್ಟರಿಗೆ ತೋರಿಸಬೇಕು. ಒಬ್ಬರಾದರೂ ಇದ್ದೇ ಇರುತ್ತಾರೆ, ಇಂಥ ಕೆಲಸಕ್ಕೆ ಕಾಯುತ್ತಿರುತ್ತಾರೆ.

ಮತ್ತೆ ಜನರನ್ನು ಸೇರಿಸೋಕೆ ಒಂದು ಉಪಾಯ. ಬೋರ್ಡಿನ ಪೂರ್ತಿ ಅಳತೆಗೆ ಹಾಳೆಯಲ್ಲಿ ಪ್ರಿಂಟ್ ಹಾಕಿಸಿ, ಇಲ್ಲಾ ಹಳೇ ಪೇಪರ್ ಮೇಲೆ ಕಪ್ಪು ಬಣ್ಣದಲ್ಲಿ ಬರೆಸಿ. ನಿಮ್ಮದೇ ಕಾಂಪೌಂಡಿನ ಒಳಗೋಡೆಗೆ, ಗೇಟಿಗೆ ಅಂಟಿಸಿ. ಎದುರು ಮನೆಯ ಅಜ್ಜಿಗೆ "ಓದಿ ನೋಡೋಣ" ಅನ್ನಿ. ಹತ್ತು ಜನ ನಿಲ್ಲದಿದ್ದರೆ ನನ್ನ ಹೆಸರು ಬದಲಿಸಿ.

ನಕ್ಷೆ ಹುಚ್ಚು

ಬಣ್ಣದ ಡಬ್ಬಿಯವರು ಹೇಳಿದ ಅಜ್ಜಿ ಪರೀಕ್ಷೆ ಸೂಪರ್.

ನಾನು ಓಪನ್ ಸ್ಟ್ರೀಟ್ ಮ್ಯಾಪಿಗೆ ಬಿಡುವಿದ್ದಾಗ ರಸ್ತೆ ಹೆಸರು ಸೇರಿಸುತ್ತೇನೆ. 2004ರಿಂದ ಇರೋ ನಕ್ಷೆ ಅದು, ಯಾರು ಬೇಕಾದರೂ ತಿದ್ದಬಹುದು, ಕನ್ನಡದ ಹೆಸರಿಗೆ ಬೇರೆಯೇ ಜಾಗ ಇದೆ, ಹಳೇ ಹೆಸರಿಗೂ ಇದೆ. ಒಂದೇ ಕಟ್ಟುನಿಟ್ಟು, ಬೇರೆ ಕಂಪನಿಯ ನಕ್ಷೆ ನೋಡಿ ಕಾಪಿ ಹೊಡೆಯೋ ಹಾಗಿಲ್ಲ, ನಡೆದು ನೋಡಿದ್ದನ್ನೇ ಹಾಕಬೇಕು. ನಿಮ್ಮ ನೋಟ್‌ಬುಕ್ ಇದೆಯಲ್ಲ, ಅದು ಚಿನ್ನ. ಬೋರ್ಡು ಬರೋಕೆ ವರ್ಷ ಆಗಬಹುದು, ನಕ್ಷೆಯಲ್ಲಿ ಎರಡು 5ನೇ ಕ್ರಾಸುಗಳನ್ನು ಇವತ್ತು ರಾತ್ರಿಯೇ ಬೇರೆ ಮಾಡಬಹುದು.

ಆದರೆ ಪಟ್ಟಿಯನ್ನು ಮನೆ ಮಾಲೀಕರ ಹತ್ತಿರ ಮಾತ್ರ ಕೇಳಬೇಡಿ. ಅವರಿಗೆ ಅವರ ಕ್ರಾಸು ಬಿಟ್ಟರೆ ಬೇರೆ ಗೊತ್ತಿರಲ್ಲ. ಪೋಸ್ಟ್‌ಮ್ಯಾನ್, ಕಸದ ಆಟೋ ಡ್ರೈವರು, ಸಿಲಿಂಡರ್ ಹೊರೋ ಹುಡುಗರು, ಬೆಳಿಗ್ಗೆ ಮನೆಮನೆಗೆ ಹೂವು ಸಿಗಿಸಿ ಹೋಗೋ ಅಕ್ಕ. ನಮ್ಮ ಕಡೆ ಸರ್ವೇ ಮಾಡಿದಾಗ ಯಾವ ಮೂಲೆಯಲ್ಲಿ ಜನ ದಾರಿ ತಪ್ಪುತ್ತಾರೆ ಅಂತ ಬೆರಳಿಟ್ಟು ತೋರಿಸಿದ್ದು ಒಬ್ಬ ಇಸ್ತ್ರಿ ಅಂಗಡಿಯವರು. "ದಿನಕ್ಕೆ ಹತ್ತು ಜನ ಇಲ್ಲೇ ಗಾಡಿ ನಿಲ್ಸಿ ನನ್ನೇ ಕೇಳ್ತಾರೆ, ನಾನೇ ಇಲ್ಲಿ ಬೋರ್ಡು" ಅಂದರು.

ಸಂಪಿಗೆ ರಸ್ತೆ

ಒಂದು ಎಚ್ಚರಿಕೆ. ಹೆಸರಿನ ವಿಷಯಕ್ಕೆ ಕೈ ಹಾಕಬೇಡಿ.

ನಮ್ಮ ಬಡಾವಣೆಯಲ್ಲೂ ಹೀಗೇ ಒಳ್ಳೇ ಮನಸ್ಸಿನಿಂದ ಶುರುವಾಯಿತು. ಮೊದಲ ಸಭೆಯಲ್ಲಿ ಯಾರೋ ಪುಣ್ಯಾತ್ಮ "ಬರೀ ನಂಬರ್ ಯಾಕೆ, ಹೆಸರಿಡೋಣ" ಅಂದ. ಮುಗೀತು ಕಥೆ. ಒಬ್ಬರಿಗೆ ಅವರ ತಾತನ ಹೆಸರು ಬೇಕು, ಜಾಗ ಕೊಟ್ಟವರು ಅವರಂತೆ. ಇನ್ನೊಬ್ಬರಿಗೆ ಒಬ್ಬ ನಟರದ್ದು, ಮತ್ತೊಬ್ಬರಿಗೆ ದೇವರದ್ದು, ಅದರಲ್ಲೂ ಯಾವ ದೇವರು ಅಂತ. ಆರು ತಿಂಗಳು ಜಗಳ. ನನಗೂ ಆಸೆ ಇತ್ತು, ಮಲ್ಲೇಶ್ವರದಲ್ಲಿ ಹುಟ್ಟಿ ಬೆಳೆದವಳು ನಾನು, ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಂದರೆ ಬೇವಿನ ರಸ್ತೆ, ಎಷ್ಟು ಚಂದ ಅಲ್ವಾ ಮರದ ಹೆಸರು. ಆದರೂ ಮೊದಲ ಸುತ್ತಿನಲ್ಲಿ ದಾಖಲೆಯಲ್ಲಿ ಏನಿದೆಯೋ ಅದನ್ನೇ ಬರೆಸಿ. ಹೊಸ ಹೆಸರು ಅಂದರೆ ಅದಕ್ಕೆ ಬೇರೆ ದಾರಿಯೇ ಇದೆ, ಪಾಲಿಕೆಯಲ್ಲಿ ತೀರ್ಮಾನ ಆಗಬೇಕು. ನಿಮ್ಮ ಎರಡು 5ನೇ ಕ್ರಾಸಿಗೆ ಹೆಸರು ಬದಲಿಸೋದು ಬೇಡ, ಕೆಳಗೆ ಸಣ್ಣದಾಗಿ 'ಕೆರೆ ಕಡೆ', 'ಗುಡಿ ಕಡೆ' ಅಂತ ಒಂದು ಗುರುತು ಸೇರಿಸಿ ಅಂತ ಕೇಳಿ.

ಇನ್ನು ಭಾನುವಾರ ಬೆಳಿಗ್ಗೆ 7 ಗಂಟೆ! ಯಾವ ಮನೆಯ ಹೆಂಗಸು ಆ ಹೊತ್ತಿಗೆ ಬರುತ್ತಾಳೆ ಸ್ವಾಮಿ? ತಿಂಡಿ ಯಾರು ಮಾಡ್ತಾರೆ? ಬಡಾವಣೆಯಲ್ಲಿ ಜಾಸ್ತಿ ನಡೆಯೋದು ನಾವು. ಸ್ಕೂಲ್ ವ್ಯಾನಿಗೆ, ತರಕಾರಿಗೆ, ದೇವಸ್ಥಾನಕ್ಕೆ. ವ್ಯಾನ್ ಬರೋ ಹೊತ್ತಿಗೆ, ಸಂಜೆ ನಾಲ್ಕಕ್ಕೆ, ಅದೇ ಮೂಲೆಯಲ್ಲಿ ನಿಂತು ಕೇಳಿ. ಮಕ್ಕಳಿಗೆ 'ತಪ್ಪು ಹುಡುಕು' ಅಂತ ಬಿಟ್ಟುಬಿಡಿ. ಒಂದು ತಪ್ಪಿಗೆ ಒಂದು ಚಾಕೊಲೇಟ್. ನಿಮ್ಮ ಜೇಬು ಖಾಲಿಯಾದರೆ ನನ್ನ ಕೇಳಬೇಡಿ.

ಗಾಡಿ ಹುಡುಗ

ಡೆಲಿವರಿ ಮಾಡ್ತೀನಿ. ಮೂರೇ ಮಾತು. ಬೋರ್ಡಿನ ಎರಡೂ ಮುಖಕ್ಕೆ ಬರೆಸಿ, ಒಂದೇ ಕಡೆ ಬರೆದರೆ ಆ ಕಡೆಯಿಂದ ಬರೋರಿಗೆ ತಗಡು ಮಾತ್ರ ಕಾಣೋದು. ರಾತ್ರಿ ಹೆಡ್‌ಲೈಟಿಗೆ ಹೊಳೆಯೋ ಶೀಟ್ ಹಾಕಿಸಿ. ಆಮೇಲೆ ಮನೆ ನಂಬರು ಎಲ್ಲಿಂದ ಎಲ್ಲಿವರೆಗೆ ಅಂತ ಬಾಣದ ಗುರುತಿನ ಜೊತೆ ಹಾಕಿಸಿದರೆ ನಿಮಗೆ ಪುಣ್ಯ ಬರುತ್ತೆ.

ರಾಲಿ ಕನ್ನಡಿಗ

ಮೊಂಡ ಅವರಿಗೂ ಎಇಇ ಸಾರ್‌ಗೂ ನಡುವೆ ಒಂದು ದಾರಿ ಇದೆ ಅನ್ನಿಸುತ್ತೆ. ನಾನಿರೋದು ಅಮೆರಿಕದ ನಾರ್ತ್ ಕೆರೊಲಿನಾದ ರಾಲಿಯಲ್ಲಿ. 2012ರ ಜನವರಿಯಲ್ಲಿ ಮ್ಯಾಟ್ ಟೊಮಾಸುಲೊ ಅನ್ನೋ ವಿದ್ಯಾರ್ಥಿ, ಇಲ್ಲಿ ಯಾರೂ ನಡೆಯಲ್ಲ ಅಂತ ಬೇಸತ್ತು, ಮೂರು ಮೂಲೆಗಳಲ್ಲಿ 27 ಫಲಕ ಕಟ್ಟಿದ. ಇಂಥ ಜಾಗಕ್ಕೆ ಇಷ್ಟು ನಿಮಿಷದ ನಡಿಗೆ, ಬಾಣದ ಗುರುತು, ಅಷ್ಟೆ. ಅನುಮತಿ ಇರಲಿಲ್ಲ. ಆದರೆ ಮೊಳೆ ಹೊಡೆಯಲಿಲ್ಲ, ಕಂಬ ನೆಡಲಿಲ್ಲ, ಪ್ಲಾಸ್ಟಿಕ್ ಕಟ್ಟಿನಲ್ಲಿ ಬಿಗಿದ, ಕತ್ತರಿ ಹಾಕಿದರೆ ಬಿಚ್ಚಿಕೊಳ್ಳೋ ಹಾಗೆ.

ನಗರಾಡಳಿತ ತೆಗೆಸಿತು. ಅಷ್ಟರಲ್ಲಿ ಜನಕ್ಕೆ ಅವು ಇಷ್ಟ ಆಗಿಬಿಟ್ಟಿದ್ದವು, ಸಹಿ ಸಂಗ್ರಹ ಆಯಿತು, ಕೌನ್ಸಿಲ್ ಅವನ್ನೇ ಪ್ರಯೋಗ ಅಂತ ವಾಪಸ್ ಹಾಕಿಸಿತು. ಜನ ಸಹಿ ಹಾಕಿದ್ದು ಕಣ್ಣಾರೆ ನೋಡಿ ಬಳಸಿದ್ದ ಫಲಕಕ್ಕೆ. ನಿಮ್ಮ ಗುಂಪಿನ ಅರವತ್ತು ಹೆಬ್ಬೆಟ್ಟಿಗೂ ಅದಕ್ಕೂ ಇರೋ ವ್ಯತ್ಯಾಸ ಅದೇ. ಅವರಿಗೆ ತೋರಿಸೋಕೆ ನಿಮ್ಮ ಹತ್ತಿರ ಏನೂ ಇರಲಿಲ್ಲ.

ಕಾಲುದಾರಿ

ಮೂರು ವಾರ ಆಯಿತು, ಎಲ್ಲರಿಗೂ ಒಟ್ಟಿಗೆ ಉತ್ತರ.

ಮೊದಲು ಸಂಪಿಗೆ ರಸ್ತೆ ಮೇಡಂ ಮಾತು ಕೇಳಿ ಸ್ಕೂಲ್ ವ್ಯಾನಿನ ಮೂಲೆಯಲ್ಲಿ ನಿಂತೆ. ಒಂದೇ ವಾರದಲ್ಲಿ ಪಟ್ಟಿ ಮುಗಿಯಿತು. ಚಾಕೊಲೇಟಿಗೆ ಖರ್ಚಾದದ್ದು ಪ್ರಿಂಟಿಗೆ ಆದದ್ದಕ್ಕಿಂತ ಜಾಸ್ತಿ. ಕಸದ ಆಟೋ ಡ್ರೈವರ್ ಹೇಳಿದ ಮೇಲೆ ಗೊತ್ತಾಗಿದ್ದು, ನಮ್ಮಲ್ಲಿ '6ನೇ ಎ ಅಡ್ಡರಸ್ತೆ' ಅಂತಲೂ ಒಂದಿದೆ, ಹದಿನೇಳು ವರ್ಷದಲ್ಲಿ ನನಗೆ ಗೊತ್ತೇ ಇರಲಿಲ್ಲ. ನಕ್ಷೆಯಲ್ಲಿ ಎರಡು 5ನೇ ಕ್ರಾಸೂ ಬೇರೆ ಬೇರೆ ಆಗಿವೆ.

ನಾಲ್ಕು ಮನೆಯ ಗೇಟಿಗೆ ಹಾಳೆ ಅಂಟಿಸಿದೆವು. ಎದುರು ಮನೆಯ ಅಜ್ಜಿ ಕನ್ನಡಕ ಮೇಲೆತ್ತಿ, ಬಾಲ್ಕನಿಯಿಂದಲೇ "ಐದನೇ ಅಡ್ಡರಸ್ತೆ, ಕೆರೆ ಕಡೆ" ಅಂತ ಓದಿದರು. ಆಮೇಲೆ "ಕೆರೆ ಎಲ್ಲಿದೆಯಪ್ಪಾ, ಅಪಾರ್ಟ್‌ಮೆಂಟ್ ಕಡೆ ಅಂತ ಬರಿ" ಅಂದರು. ಜನ ನಕ್ಕರು, ನಿಂತರು, ಸಹಿ ಹಾಕಿದರು. ಒತ್ತು ಚಿಕ್ಕದಾಗಿದೆ ಅಂತ ಮೇಷ್ಟರು ಎರಡು ಸಲ ವಾಪಸ್ ಕಳಿಸಿದರು.

ಇಂಜಿನಿಯರ್ ಪಟ್ಟಿ ನೋಡಿ "ಸಾಫ್ಟ್ ಕಾಪಿ ಇದೆಯಾ, ಎಕ್ಸೆಲ್‌ನಲ್ಲಿ ಕೊಡಿ" ಅಂದರು. ಎಇಇ ಸಾರ್ ಹೇಳಿದ್ದೇ ಆಯಿತು! ಬೋರ್ಡು ಯಾವಾಗ ಅಂತ ಕೇಳಿದ್ದಕ್ಕೆ ನೇರ ಉತ್ತರ ಇಲ್ಲ. ಆರ್‌ಟಿಐ ಹಾಕಿದ್ದೇನೆ, 138 ಪದ.

ಸದ್ಯಕ್ಕೆ ಹಾಳೆಗಳೇ ನಮ್ಮ ಬೋರ್ಡು. 6ನೇ ಕ್ರಾಸಿನದನ್ನು ಮೈದಾ ಅಂಟಿನ ಸಮೇತ ಹಸು ತಿಂದಿದೆ. ನಾಳೆ ಮತ್ತೆ ಅಂಟಿಸಬೇಕು, ಈ ಸಲ ಟೇಪು.